ಓಲೆಯ ಚಾವಡಿ ಹಳತಾದ ಭಾನುವಾರ

ನಮ್ಮ ಆಟದಲ್ಲಿ ಪಿರಮಿಡ್ಡು ಕಟ್ಟುವುದಕ್ಕೆ ನಲವತ್ತು ಹುಣಿಸೆ ಬೀಜ ಬೇಕಿತ್ತು. ಒಂದು ಸರದಿಗೆ ಕೈಗೆ ಬರುತ್ತಿದ್ದುದು ಮೂರೋ ನಾಲ್ಕೋ. ಊಟ ಮುಗಿಸಿ ಕೂತವರು ಸಂಜೆಯ ಕಾಫಿಯವರೆಗೂ ಬೇರೇನೂ ಮಾಡದೆ ಬೀಜ ಕೂಡಿಡಬೇಕು. ಅಷ್ಟರಲ್ಲಿ ಇನ್ನೊಬ್ಬರು ಕಟ್ಟಿಬಿಟ್ಟರೆ ಮುಗಿಯಿತು, ಲೋಕಕ್ಕೆಲ್ಲ ಒಂದೇ ಪಿರಮಿಡ್ಡು. ಕೂಡಿಟ್ಟ ಬೀಜದಲ್ಲಿ ಅರ್ಧ ಡಬ್ಬಿಗೆ ವಾಪಸ್ಸು. ಈ ಅರ್ಧದ ನಿಯಮದಿಂದ ನಾನು ಗೊಳೋ ಎಂದು ಅತ್ತಿದ್ದೆ ಎಂದು ಅಣ್ಣ ಇಂದಿಗೂ ಹೇಳಿಕೊಂಡು ತಿರುಗುತ್ತಾನೆ. ಕಣ್ಣಿಗೆ ಧೂಳು ಬಿದ್ದಿತ್ತು ಎಂದು ನಾನೂ ಇಂದಿಗೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎನ್.ಆರ್. ಕಾಲೋನಿಯಲ್ಲಿ ನಮ್ಮದು ಹೆಂಚಿನ ಮನೆ. ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಭಾನುವಾರ ಮಧ್ಯಾಹ್ನ ಭೂಪಟ ಹಾಸುತ್ತಿದ್ದೆವು. ನಗರ್ತಪೇಟೆಯಲ್ಲಿ ಚಿಕ್ಕಜ್ಜನ ಬಟ್ಟೆ ಅಂಗಡಿಯಿತ್ತು. ಅಲ್ಲಿಂದ ಬಂದ ಕ್ಯಾಲೆಂಡರಿನ ಹನ್ನೆರಡು ಹಾಳೆಗಳನ್ನು ಮೈದಾ ಅಂಟಿನಲ್ಲಿ ಜೋಡಿಸಿ, ಹಿಂಭಾಗದಲ್ಲಿ ಚೌಕಗಳನ್ನು ಗೀಚಿ, ಸಮುದ್ರಕ್ಕೆ ನೀಲಿ ಶಾಯಿ, ಹೊಲಗದ್ದೆಗೆ ಹಸಿರು ಬಳಿದಿದ್ದ ಭೂಪಟ ಅದು. ಮುಂಭಾಗದಲ್ಲಿ ಶಿವಪಾರ್ವತಿಯರಿದ್ದರು. "ಶಿವನ ಬೆನ್ ಮೇಲೆ ರಾಜ್ಯ ಕಟ್ತೀರೇನ್ರೋ" ಎಂದು ಅಜ್ಜಿ ಎರಡು ವಾರ ಆಟ ಹಾಸಲು ಬಿಡಲಿಲ್ಲ. ಕೆಳಗೆ ಒಗೆದ ಪಂಚೆ ಹಾಸಿದ ಮೇಲೆ ಒಪ್ಪಿದಳು. ಒಪ್ಪಿದವಳು ತಾನೂ ಒಂದು ಮೂಲೆ ಹಿಡಿದು ಆಟಕ್ಕೆ ಕೂತಳು.

ಹೀಗೆ ನಾವು ನಾಲ್ವರು ರಾಜರು. ಅಜ್ಜಿ, ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ, ಹತ್ತು ವರ್ಷದ ನಾನು, ಮತ್ತು ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ, ಈ ಅಜ್ಜಿಯ ಮಗಳು. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು, ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಯಾರಾದರೂ ಬೇರೆ ಊರಿಗೆ ಫೋನು ಮಾಡಬೇಕಾದರೆ ಕರೆ ಅವಳ ಬೋರ್ಡಿಗೆ ಬರಬೇಕು, ಅವಳು ತಂತಿ ಸಿಕ್ಕಿಸಿದರೆ ಮಾತು, ಇಲ್ಲದಿದ್ದರೆ ಇಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಉಪ್ಪಾರಪೇಟೆ ಹಾದು ನಡೆದು ಹೋಗುತ್ತಿದ್ದಳು. ಮನೆಗೆ ಬಂದಾಗ ಹೆಡ್‌ಫೋನಿನ ಪಟ್ಟಿ ಕೂತ ಜಾಗದಲ್ಲಿ ಅವಳ ಕೂದಲು ತಗ್ಗಾಗಿರುತ್ತಿತ್ತು. ಆ ತಗ್ಗಿನ ಮೇಲೆ ಬೆರಳಾಡಿಸುವುದು ನನ್ನ ಹಕ್ಕಾಗಿತ್ತು, ಅಣ್ಣನಿಗೆ ಅದನ್ನು ಬಿಟ್ಟುಕೊಟ್ಟವಳೇ ಅಲ್ಲ.

ಅವಳ ಕಿವಿ ಬಹಳ ಚುರುಕು. ತಂತಿಯ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಎಂದು ಹೇಳುತ್ತಿದ್ದಳು. "ಗರಗರ ಅಂತಿದ್ರೆ ಕೇಬಲ್ಲು ನೀರು ಕುಡ್ದಿದೆ ಅಂತ. ಟಿಕ್ ಟಿಕ್ ಅಂದ್ರೆ ಎಲ್ಲೋ ಕೊಂಬೆ ತಾಗ್ತಿದೆ. ಇವತ್ತು ತುಮಕೂರಲ್ಲಿ ಮಳೆ ನೋಡು ಬೇಕಾದ್ರೆ." ಮರುದಿನ ಪೇಪರಿನಲ್ಲಿ ಹುಡುಕುತ್ತಿದ್ದೆವು. ಹೆಚ್ಚಾಗಿ ತುಮಕೂರಿನಲ್ಲಿ ಮಳೆಯಾಗಿರುತ್ತಿತ್ತು.

ಆಟ ಅವಳದೇ ಸೃಷ್ಟಿ, ಅದರ ಯೋಚನೆಯೂ ಅವಳ ಬೋರ್ಡಿನಿಂದಲೇ ಬಂದದ್ದು. ಬೆಂಗಳೂರಿನಿಂದ ಬೀದರಿಗೆ ಆಗ ನೇರವಾಗಿ ಲೈನು ಸಿಗುತ್ತಿರಲಿಲ್ಲವಂತೆ. ಒಂದು ಊರಿನ ಆಪರೇಟರನ್ನು ಹಿಡಿದು, ಅವಳ ಮೂಲಕ ಮುಂದಿನ ಊರನ್ನು ಹಿಡಿದು, ಹಾಗೇ ಹೋಗಬೇಕು. "ವಿದ್ಯೆನೂ ಹಂಗೇ ಕಣೆ. ಯಾವುದಕ್ಕೂ ಡೈರೆಕ್ಟ್ ಲೈನಿಲ್ಲ" ಎನ್ನುತ್ತಿದ್ದಳು ಅತ್ತೆ. ನಮ್ಮ ಆಟದಲ್ಲಿ ಪ್ರತಿ ವಿದ್ಯೆಗೂ ಹಿಂದಿನ ಎರಡು ವಿದ್ಯೆ ಗೊತ್ತಿರಬೇಕಿತ್ತು. ಬರವಣಿಗೆಯೂ ಲೆಕ್ಕವೂ ಬಂದರೆ ನಕ್ಷತ್ರಶಾಸ್ತ್ರ. ನಕ್ಷತ್ರಶಾಸ್ತ್ರದ ಜೊತೆ ಹಡಗು ಇದ್ದರೆ ದಿಕ್ಸೂಚಿ. ಅಣ್ಣ ನೆಟ್ಟಗೆ ಮದ್ದುಗುಂಡಿಗೆ ಹಾರಲು ಪ್ರತಿ ವಾರ ವಕೀಲಿ ಮಾಡುತ್ತಿದ್ದ. ಕಬ್ಬಿಣ ಕಾಯಿಸಲು ಬಾರದವನಿಗೆ ಮದ್ದುಗುಂಡು ಯಾಕೆ ಎಂದು ಅತ್ತೆ ಅವನ ಕಾರ್ಡು ಕಿತ್ತಿಡುತ್ತಿದ್ದಳು.

ಕಲಿಯುವ ರೀತಿ ಹೀಗಿತ್ತು. ಯಾವ ವಿದ್ಯೆ ಕಲಿಯುತ್ತೀರೋ ಆ ಕಾರ್ಡನ್ನು ನಿಮ್ಮ ಮುಂದೆ ಬೋರಲಾಗಿ ಇಡಬೇಕು, ಯಾರಿಗೂ ಹೇಳಬೇಕಾಗಿಲ್ಲ. ಪ್ರತಿ ಸರದಿಗೂ ಅದರ ಮೇಲೆ ಬೀಜ ಇಡುತ್ತಾ ಹೋಗಬೇಕು. ಬೆಲೆ ತುಂಬಿದಾಗ ಕಾರ್ಡು ಮೇಲ್ಮುಖ ಮಾಡಿದರೆ ವಿದ್ಯೆ ನಿಮ್ಮದು. ಅದ್ಭುತಗಳಿಗೆ ಇನ್ನೊಂದು ನಿಯಮ. ಅವು ಲೋಕಕ್ಕೊಂದೊಂದೇ, ಕಟ್ಟಿದವರಿಗೆ ಒಂದು ವಿಶೇಷ ಶಕ್ತಿ. ದೀಪಸ್ತಂಭ ಕಟ್ಟಿದವರ ಹಡಗು ಮುಳುಗುವುದಿಲ್ಲ. ಮಹಾ ಗ್ರಂಥಾಲಯ ಇದ್ದರೆ ಬೇರೆ ಇಬ್ಬರು ಕಲಿತಿದ್ದು ನಿಮಗೆ ಪುಕ್ಕಟೆ. ಆದರೆ ಯಾವ ಅದ್ಭುತವೂ ಕೊನೆಯವರೆಗೆ ನಡೆಯುವುದಿಲ್ಲ. ಯಾರಾದರೂ ಒಬ್ಬರು ದಿಕ್ಸೂಚಿ ಕಲಿತ ಕೂಡಲೇ ದೀಪಸ್ತಂಭ ಹಳತಾಗುತ್ತದೆ. ಮದ್ದುಗುಂಡು ಬಂದರೆ ಮಹಾಗೋಡೆ ಹಳತು. ಹಳತಾದ ಅದ್ಭುತವನ್ನು ಭೂಪಟದಿಂದ ತೆಗೆಯುವುದಿಲ್ಲ, ಇದ್ದಲ್ಲೇ ಬೋರಲು ಹಾಕಿ ಬಿಡುವುದು.

ಅಜ್ಜಿ ಯಾವ ಅದ್ಭುತಕ್ಕೂ ಕೈ ಹಾಕಿದವಳಲ್ಲ. ಅವಳು ಕೆರೆ ಕಟ್ಟುತ್ತಿದ್ದಳು. ಒಂದು ಕೆರೆ, ಅದರ ಪಕ್ಕ ಇನ್ನೊಂದು ಕೆರೆ. ಬೆಳೆ ತೆಗೆದು ಬೀಜ ಕೂಡಿಹಾಕಿ, ಸೆರಗಿನ ಕೆಳಗೆ ಇಟ್ಟುಕೊಂಡು ಯಾರಿಗೂ ಒಂದು ಬೀಜ ಬಿಚ್ಚುತ್ತಿರಲಿಲ್ಲ. "ಒಂದು ಅದ್ಭುತ ಕಟ್ಟಜ್ಜಿ" ಎಂದರೆ, "ಕೆರೆಗಿಂತ ಅದ್ಭುತ ಯಾವುದೋ" ಎಂದು ವಾದಕ್ಕೆ ನಿಲ್ಲುತ್ತಿದ್ದಳು.

ಅತ್ತೆ ಪ್ರತಿ ಆಟದಲ್ಲೂ ತಪ್ಪದೆ ಕಟ್ಟುತ್ತಿದ್ದುದು ಓಲೆಯ ಚಾವಡಿ. ಅದೂ ಅವಳೇ ಕಲ್ಪಿಸಿದ ಅದ್ಭುತ. ಚಾವಡಿ ಇದ್ದವರ ಮೂಲಕವೇ ಉಳಿದ ರಾಜ್ಯಗಳು ಒಂದಕ್ಕೊಂದು ವಿದ್ಯೆ ಮಾರಬೇಕು. ನನ್ನ ರಾಜ್ಯ ಪೂರ್ವದ ತುದಿಗೆ, ಅಣ್ಣನದು ಪಶ್ಚಿಮಕ್ಕೆ. ನಾವಿಬ್ಬರೂ ಸೇರಿ ಒಳಸಂಚು ಮಾಡಬೇಕಾದರೂ ಚೀಟಿ ಅತ್ತೆಯ ಕೈ ದಾಟಿಯೇ ಹೋಗಬೇಕು. ಅವಳು ಅದನ್ನು ಓದಿ, ಗಂಭೀರವಾಗಿ ಮಡಿಚಿ, ತನ್ನ ಪಾಲಿನ ಒಂದು ಬೀಜ ಎತ್ತಿಕೊಂಡು, "ಮಾತಾಡಿ, ಲೈನ್ ಕೊಟ್ಟಿದೀನಿ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ನಗುವೂ ಬರುತ್ತಿತ್ತು.

ಕಾರ್ಡುಗಳ ವಿಷಯ ಹೇಳಬೇಕು. ದಪ್ಪನೆಯ ಒಳ್ಳೆಯ ಕಾಗದ, ಹಿಂಭಾಗದಲ್ಲಿ ಕೆಂಪು ಅಕ್ಷರದ ಅಚ್ಚು. ಅವು ಅತ್ತೆಯ ಮದುವೆಯ ಕರೆಯೋಲೆಗಳು. ನಾನು ಮೂರು ವರ್ಷದವಳಿದ್ದಾಗ ಅವಳ ಮದುವೆ ಗೊತ್ತಾಗಿ, ಚಾಮರಾಜಪೇಟೆಯಲ್ಲಿ ಛತ್ರ ಹಿಡಿದು, ಕರೆಯೋಲೆಯೂ ಅಚ್ಚಾಗಿ ಬಂದಿತ್ತು. ದೇವರ ಮುಂದೆ ಇಟ್ಟು ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ್ದರು. ಆಮೇಲೆ ಗಂಡಿನವರು, ರಾತ್ರಿ ಪಾಳಿಯ ಕೆಲಸ ಹೆಂಗಸಿಗೆ ಹೇಳಿಸಿದ್ದಲ್ಲ, ರಾಜೀನಾಮೆ ಕೊಟ್ಟ ಮೇಲೆಯೇ ಮುಂದಿನ ಮಾತು ಎಂದರಂತೆ. ಅಜ್ಜಿಯೂ ಬಿಟ್ಟುಬಿಡು ಎಂದಳಂತೆ. ಅತ್ತೆ ಕೆಲಸ ಬಿಡಲಿಲ್ಲ. ಮದುವೆ ನಿಂತಿತು. ಕರೆಯೋಲೆಯ ಕಟ್ಟು ಅಟ್ಟ ಸೇರಿತು. ಏಳು ವರ್ಷದ ಮೇಲೆ ಅತ್ತೆಯೇ ಅದನ್ನು ಇಳಿಸಿ, "ಒಳ್ಳೇ ಕಾಗದ, ವೇಸ್ಟ್ ಯಾಕೆ ಮಾಡೋದು" ಎಂದು ಕತ್ತರಿ ಹಿಡಿದು ಕೂತಳು. ಒಂದೊಂದು ಕರೆಯೋಲೆಯನ್ನೂ ಎರಡು ಭಾಗ ಮಾಡಿದಳು. ವರನ ಹೆಸರಿದ್ದ ಭಾಗ ವಿದ್ಯೆಗಳಿಗೆ, ಅವಳ ಹೆಸರಿದ್ದ ಭಾಗ ಅದ್ಭುತಗಳಿಗೆ.

ಹಾಗಾಗಿ ಯಾವುದಾದರೂ ಅದ್ಭುತ ಹಳತಾಗಿ ಬೋರಲು ಬಿದ್ದಾಗ ಭೂಪಟದ ಮೇಲೆ ಅತ್ತೆಯ ಹೆಸರು ಕಾಣುತ್ತಿತ್ತು. ಅತ್ತೆಗೆ ಅದೇನೂ ಅನ್ನಿಸುತ್ತಿರಲಿಲ್ಲ, ಅಥವಾ ನಮಗೆ ಕಾಣಿಸುತ್ತಿರಲಿಲ್ಲ. ಅಜ್ಜಿ ಮಾತ್ರ ತನ್ನ ಕನ್ನಡಕದ ಡಬ್ಬಿಯನ್ನು ಎಲ್ಲೋ ಇಡುವವಳ ಹಾಗೆ ಆ ಹೆಸರಿನ ಮೇಲೆ ಇಟ್ಟುಬಿಡುತ್ತಿದ್ದಳು. ಎರಡು ಮೂರು ಅದ್ಭುತ ಹಳತಾದ ದಿನ ಎಲೆಅಡಿಕೆ ತಟ್ಟೆಯನ್ನೂ ತರಬೇಕಾಗುತ್ತಿತ್ತು.

ವರ್ಷಗಳು ಹೋದವು. ನಾವು ಆಟ ಬಿಡಲಿಲ್ಲ. ಅಣ್ಣ ಡಿಪ್ಲೊಮಾ ಸೇರಿ ಮೀಸೆ ಬಿಟ್ಟ ಮೇಲೂ ಭಾನುವಾರ ತಪ್ಪಿಸುತ್ತಿರಲಿಲ್ಲ. ನನಗೆ ಹದಿನಾರಾಗಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಮತ್ತು ಸತತ ನಾಲ್ಕು ಆಟಗಳಲ್ಲಿ ಅತ್ತೆಯ ಚಾವಡಿಯಿಂದ ಸೋತಿದ್ದೆ. ಉಳಿದ ಅದ್ಭುತಗಳಿಗೆ ಇದ್ದ ಹಾಗೆ ಅದನ್ನು ಹಳತು ಮಾಡುವ ವಿದ್ಯೆಯೇ ಆಟದಲ್ಲಿ ಇರಲಿಲ್ಲ. ತಂತಿ ಕಲಿತರೂ ಅದು ಚಾವಡಿಯ ಮೂಲಕವೇ ಹೋಗಬೇಕು ಎಂದು ಅತ್ತೆ ಬರೆದಿಟ್ಟಿದ್ದಳು. ಹೊಸ ವಿದ್ಯೆಯನ್ನು ಯಾರು ಬೇಕಾದರೂ ಬರೆಯಬಹುದಿತ್ತು, ಕೆಳಗೆ ಅದಕ್ಕೆ ಬೇಕಾದ ಎರಡು ಹಿಂದಿನ ವಿದ್ಯೆಗಳನ್ನೂ ಬೆಲೆಯನ್ನೂ ಕಾಣಿಸಿದರೆ ಸಾಕು. ಆ ಹೊತ್ತಿಗೆ ಊರಲ್ಲೆಲ್ಲ ಎಸ್.ಟಿ.ಡಿ. ಎಂಬ ಮಾತು ಕೇಳಿಬರುತ್ತಿತ್ತು. ಆಪರೇಟರ ಹಂಗಿಲ್ಲದೆ ನಾವೇ ನಂಬರು ತಿರುಗಿಸಿ ಮದ್ರಾಸಿಗೆ ಮಾತಾಡಬಹುದಂತೆ. ನಾನು ಅಟ್ಟ ಹತ್ತಿ, ಉಳಿದಿದ್ದ ಕಟ್ಟಿನಿಂದ ಒಂದು ಕರೆಯೋಲೆ ತೆಗೆದು, ಕತ್ತರಿಸಿ, ಬರೆದೆ: ನೇರ ತಂತಿ. ಬೇಕಾದ ವಿದ್ಯೆ: ತಂತಿ, ಗಡಿಯಾರ. ಬೆಲೆ: ನಲವತ್ತು. ಹಳತಾಗುವ ಅದ್ಭುತ: ಓಲೆಯ ಚಾವಡಿ.

ಒಂದು ಆಟ ಮುಗಿಯಲು ಹಲವು ಭಾನುವಾರ ಹಿಡಿಯುತ್ತಿತ್ತು. ಎರಡು ಭಾನುವಾರ, ಬೇರೆ ಖರ್ಚಿನ ನಡುವೆ, ಗುಟ್ಟಾಗಿ ಅದರ ಮೇಲೆ ಬೀಜ ಪೇರಿಸಿದೆ. ಮೂರನೆಯ ಭಾನುವಾರ ನಲವತ್ತು ತುಂಬಿತು. ಕಾರ್ಡನ್ನು ತಿರುಗಿಸಿ ಅತ್ತೆಯ ಮುಂದೆ ಇಟ್ಟು, "ಓದು" ಎಂದೆ. ಅಷ್ಟಕ್ಕೇ ಬಿಡಲಿಲ್ಲ. "ಇನ್ಮೇಲೆ ನಿನ್ನ ಹಂಗಿಲ್ಲ, ನಾವೇ ಮಾತಾಡ್ಕೋತೀವಿ" ಎಂದೂ ಸೇರಿಸಿದೆ.

ಅತ್ತೆ ಓದಿದಳು. ಕಾರ್ಡು ಚಿಕ್ಕದು, ಅವಳು ಅದನ್ನು ಓದಿದ್ದು ತುಂಬ ಹೊತ್ತು. ನಂತರ ಕೈ ಚಾಚಿ, ತನ್ನ ಚಾವಡಿಯನ್ನು ತಾನೇ ಬೋರಲು ಹಾಕಿದಳು. "ಸರಿಯಾಗಿದೆ. ನಿಯಮದ ಪ್ರಕಾರಾನೇ ಇದೆ" ಎಂದಳು. ಕಾಫಿ ಇಡುತ್ತೇನೆ ಎಂದು ಒಳಗೆ ಹೋದವಳು ಬರಲಿಲ್ಲ. ಅಜ್ಜಿ ಕನ್ನಡಕದ ಡಬ್ಬಿಗಾಗಿ ಕೈಯಾಡಿಸಲೂ ಇಲ್ಲ. ನನ್ನನ್ನೇ ನೋಡುತ್ತಾ ಕೂತಿದ್ದಳು.

"ಆಫೀಸಲ್ಲಿ ನೋಟೀಸ್ ಹಾಕಿದಾರೆ ಕಣೆ" ಎಂದಳು ಅಜ್ಜಿ. "ಬೋರ್ಡು ತೆಗೀತಾರಂತೆ, ಮೆಷಿನ್ನೇ ಎಲ್ಲ ಮಾಡುತ್ತಂತೆ. ಪರೀಕ್ಷೆ ಕಟ್ಟಿ ಪಾಸಾದ್ರೆ ಮೆಷಿನ್ ಹತ್ರ, ಲೈನ್ ಎಲ್ಲಿ ಕೆಟ್ಟಿದೆ ಅಂತ ನೋಡೋ ಟೆಸ್ಟ್ ಡೆಸ್ಕಲ್ಲಿ ಕೆಲ್ಸ. ಇಲ್ದಿದ್ರೆ ಇನ್ನೂ ಬೋರ್ಡಿರೋ ಯಾವ್ದೋ ದೂರದ ತಾಲ್ಲೂಕಿಗೆ ವರ್ಗ. ಇವಳು ಫಾರಮ್ಮೇ ತುಂಬ್ತಿಲ್ಲ."

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಅಜ್ಜಿಗೆ ಹೇಳಿದೆ, ಅಣ್ಣನಿಗೆ ಹೇಳಿದೆ, ಬಚ್ಚಲಮನೆಯಲ್ಲಿ ನಿಂತು ನನಗೇ ಹೇಳಿಕೊಂಡೆ. ಎಷ್ಟು ಸಲ ಹೇಳಿದರೂ ನಾಚಿಕೆ ಕಡಿಮೆಯಾಗಲಿಲ್ಲ. ಮದುವೆಯನ್ನೇ ಬಿಟ್ಟು ಉಳಿಸಿಕೊಂಡ ಬೋರ್ಡು ಅದು. ಅದು ಹೋಗುವ ಸುದ್ದಿಯನ್ನು ನಾನು ಅವಳ ಕರೆಯೋಲೆಯ ಹಿಂದೆಯೇ ಬರೆದು, ಗೆದ್ದ ಖುಷಿಯಲ್ಲಿ ಮುಖಕ್ಕೆ ಹಿಡಿದಿದ್ದೆ.

ಆ ವಾರವಿಡೀ ಒಬ್ಬೊಬ್ಬರೂ ಫಾರಮ್ಮಿನ ಮಾತೆತ್ತಿದೆವು. ಅಪ್ಪ ಹೇಳಿದರು, ಅಮ್ಮ ಹೇಳಿದರು. ಅಣ್ಣ ತನ್ನ ಡಿಪ್ಲೊಮಾ ಪುಸ್ತಕಗಳನ್ನೇ ತಂದು ಅವಳ ಮುಂದೆ ಪೇರಿಸಿದ, ಅವನ್ನು ನೋಡಿದ ಮೇಲೆ ಅವಳು ಇನ್ನಷ್ಟು ಹೆದರಿದಳು. "ಮೂವತ್ತಾರಾಯ್ತು ನಂಗೆ. ಸರ್ಕ್ಯೂಟ್ ಓದೋ ವಯಸ್ಸೇನೋ ಇದು? ನಂಗೆ ಲೈನ್ ಕೊಡೋದೊಂದೇ ಗೊತ್ತು. ಎಲ್ಲಿ ಬೋರ್ಡಿರುತ್ತೋ ಅಲ್ಲಿಗೆ ಹೋಗ್ತೀನಿ ಬಿಡಿ" ಎಂದಳು. ಹೇಳುವಾಗ ಧ್ವನಿ ಆಪರೇಟರಿನದೇ, ಒಂದಿಷ್ಟೂ ಅಲುಗಲಿಲ್ಲ. ಹೋಗಿಬಿಡುತ್ತಾಳೆ ಎಂದು ನನಗೆ ಅದರಿಂದಲೇ ಭಯವಾಯಿತು. ಫಾರಮ್ಮು ಕೊಡಲು ಸೋಮವಾರ ಕಡೆಯ ದಿನವಾಗಿತ್ತು.

ಭಾನುವಾರ ಊಟದ ನಂತರ ನಾನೇ ಪಂಚೆ ಹಾಸಿ, ಭೂಪಟ ಬಿಡಿಸಿ, ಎಲ್ಲರ ಕಾರ್ಡುಗಳನ್ನೂ ಹಿಂದಿನ ವಾರ ಇದ್ದ ಹಾಗೆಯೇ ಜೋಡಿಸಿದೆ. ಅತ್ತೆ ಬಂದು ಕೂತಳು. ಬಾರದಿದ್ದರೆ ನನಗೆ ನೋವಾದೀತೆಂದು ಬಂದಳು, ಅವಳು ಅಂಥವಳು. ನಾನು ಇನ್ನೊಂದು ಕಾರ್ಡು ಕತ್ತರಿಸಿ, ನೇರ ತಂತಿ ಎಂದು ಮತ್ತೊಂದು ಪ್ರತಿ ಬರೆದು ಅವಳ ಮುಂದಿಟ್ಟೆ. ಒಬ್ಬರು ಕಲಿತ ವಿದ್ಯೆಯನ್ನು ಉಳಿದವರೂ ಕಲಿಯಬಹುದು, ಅದು ಅವಳದೇ ನಿಯಮ.

"ನನ್ನ ಹತ್ರ ಗಡಿಯಾರ ಇಲ್ವಲ್ಲ. ಕಲಿಯೋಕೆ ಬರಲ್ಲ" ಎಂದಳು.

ನಾನು ಕಾರ್ಡು ವಾಪಸ್ಸು ತೆಗೆದುಕೊಂಡು, ಬೇಕಾದ ವಿದ್ಯೆ ಎಂದಿದ್ದ ಕಡೆ ತಂತಿಯನ್ನೂ ಗಡಿಯಾರವನ್ನೂ ಹೊಡೆದುಹಾಕಿ ಬರೆದೆ: ದಾರಿ ಗೊತ್ತಿರಬೇಕು. ಕಿವಿ ಇರಬೇಕು.

"ಬರೆದ ಕಾರ್ಡು ತಿದ್ದೋ ಹಾಗಿಲ್ಲ" ಎಂದಳು ಅತ್ತೆ. ಆರು ವರ್ಷದಲ್ಲಿ ಅಣ್ಣ ಒಂದು ಬೀಜ ಹೆಚ್ಚಿಗೆ ಎತ್ತಿಕೊಂಡರೂ ಮನೆ ತಲೆ ಮೇಲೆ ಮಾಡುತ್ತಿದ್ದವಳು ನಾನು. "ತಿದ್ದಿದೀನಿ" ಎಂದೆ. "ಯಾವ ಊರಿಂದ ಯಾವ ಊರಿಗೆ ಹೇಗ್ ಹೋಗ್ಬೇಕು ಅಂತ ಆ ಮೆಷಿನ್‌ಗೂ ಯಾರೋ ಹೇಳ್ಕೊಡ್ಬೇಕಲ್ಲ. ಅದು ನಿಂಗೊತ್ತು. ಲೈನು ಎಲ್ಲಿ ಕೆಟ್ಟಿದೆ ಅಂತ ಕೇಳಿ ಹೇಳೋದೂ ಗೊತ್ತು. ಎರಡಾಯ್ತಲ್ಲ. ಇನ್ನೇನ್ ಬೇಕು?"

ಅತ್ತೆ ನಕ್ಕಳು. "ಕಿವಿ ಒಂದು ವಿದ್ಯೆನೇನೆ?"

"ತುಮಕೂರಿನ ಮಳೆ ನಂಗೆ ಕೇಳ್ಸಲ್ಲ, ಅಣ್ಣನಿಗೂ ಕೇಳ್ಸಲ್ಲ."

"ಆದ್ರೂ, ನಲವತ್ತು ಬೀಜ ಎಲ್ಲಿಂದ ತರ್ಲಿ. ಚಾವಡಿನೂ ಹೋಯ್ತು" ಎಂದು ಅತ್ತೆ ತನ್ನ ಮುಂದಿದ್ದ ಐದಾರು ಬೀಜ ತೋರಿಸಿದಳು. ಅವಳು ಆಟದ ಮಾತಿನಲ್ಲೇ ತಪ್ಪಿಸಿಕೊಳ್ಳುತ್ತಿದ್ದಳು.

ಆಗ ಅಜ್ಜಿ ಸೆರಗು ಸರಿಸಿದಳು. ಆರು ವರ್ಷದಲ್ಲಿ ಒಂದು ಬೀಜವನ್ನೂ ಯಾರಿಗೂ ಕೊಡದಿದ್ದ ಅಜ್ಜಿ, ಎರಡೂ ಕೈಯಲ್ಲಿ ತನ್ನ ರಾಶಿಯನ್ನು ಒಟ್ಟುಮಾಡಿ, ಭೂಪಟದ ಮೇಲಿನಿಂದಲೇ ಅತ್ತೆಯ ಕಡೆಗೆ ತಳ್ಳಿದಳು. ಬೀಜಗಳು ಸಮುದ್ರ ದಾಟಿ, ಅಣ್ಣನ ಸೈನ್ಯವನ್ನೆಲ್ಲ ಬೀಳಿಸಿಕೊಂಡು ಹೋದವು.

"ಅವತ್ತು ಬಿಟ್ಬಿಡು ಅಂದೆ" ಎಂದಳು ಅಜ್ಜಿ. "ನೀನು ಬಿಡ್ಲಿಲ್ಲ, ಒಳ್ಳೇದ್ ಮಾಡ್ದೆ. ನಾನು ಬಾಯ್ಬಿಟ್ಟು ಹೇಳಿರ್ಲಿಲ್ಲ. ಇವತ್ತು ಬಿಡ್ಬೇಡ."

ಅತ್ತೆ ತಲೆ ತಗ್ಗಿಸಿದಳು. ಕೆನ್ನೆ ಒರೆಸಿಕೊಂಡಳು. ಕಣ್ಣಿಗೆ ಧೂಳು ಎಂದು ಅವಳು ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ನನಗಿಂತ ಧೈರ್ಯಸ್ಥೆ. ಕಾರ್ಡು ಎತ್ತಿ ಬೋರಲು ಹಾಕಿ, ಅದರ ಮೇಲೆ ಒಂದು ಬೀಜ ಇಟ್ಟಳು. ಆಮೇಲೆ ಎದ್ದು ಹೋಗಿ ಬ್ಯಾಗಿನಿಂದ ಫಾರಮ್ಮು ತಂದು ಅಣ್ಣನ ಪೆನ್ನು ಕೇಳಿದಳು.

ಓದು ಸುಲಭವಾಗಿರಲಿಲ್ಲ. ಡ್ಯೂಟಿಯಿಂದ ಬಂದು, ಅಣ್ಣನನ್ನು ಮೇಷ್ಟ್ರು ಮಾಡಿಕೊಂಡು, ಸಂಜೆ ಸಂಜೆ ಕೂರುತ್ತಿದ್ದಳು. ಅಣ್ಣನಿಗೆ ಪಾಠ ಹೇಳುವ ತಾಳ್ಮೆ ಇರಲಿಲ್ಲ, ಅವಳಿಗೆ ಪ್ರಶ್ನೆ ಕೇಳದೆ ಬಿಡುವ ಅಭ್ಯಾಸ ಇರಲಿಲ್ಲ. ಎರಡು ಸಲ ಜಗಳವಾಗಿ ಪುಸ್ತಕ ಮುಚ್ಚಿದರು. ಕಾರ್ಡನ್ನು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಬೋರಲಾಗಿಯೇ ಇಟ್ಟಿದ್ದಳು. ಒಂದು ಪಾಠ ಮುಗಿದರೆ ಅದರ ಮೇಲೆ ಒಂದು ಬೀಜ. ಬೋರಲು ಬಿದ್ದಿದ್ದರಿಂದ ಮೊದಮೊದಲು ಆ ವರನ ಹೆಸರು ಮನೆಯವರಿಗೆಲ್ಲ ದಿನವೂ ಕಾಣುತ್ತಿತ್ತು. ಹದಿನೈದು ಪಾಠವಾಗುವಷ್ಟರಲ್ಲಿ ಬೀಜಗಳ ಕೆಳಗೆ ಅದು ಮುಚ್ಚಿಹೋಯಿತು. ನಲವತ್ತನೆಯ ಬೀಜ ಇಟ್ಟ ವಾರದಲ್ಲೇ ಪರೀಕ್ಷೆ ಬರೆದಳು. ಫಲಿತಾಂಶ ಬರುವವರೆಗೆ ಕಾರ್ಡು ಯಾರೂ ಮುಟ್ಟಬಾರದೆಂದು ಅಪ್ಪಣೆಯಾಯಿತು. ಧೂಳು ಹೊಡೆಯುವಾಗಲೂ ಅಮ್ಮ ಅದರ ಸುತ್ತಲೇ ಹೊಡೆಯುತ್ತಿದ್ದರು.

ಒಂದು ಶನಿವಾರ ಸಂಜೆ ಅತ್ತೆ ಎಂದಿನ ಬಸ್ಸಿಗೇ ಬಂದಳು. ಕಾಲು ತೊಳೆದಳು. ಮುಖದಲ್ಲಿ ಏನೂ ಬರೆದಿರಲಿಲ್ಲ. ಹಲಗೆಯ ಹತ್ತಿರ ಹೋಗಿ, ಬೀಜಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು, ಕಾರ್ಡನ್ನು ಮೇಲ್ಮುಖ ಮಾಡಿ ಇಟ್ಟಳು. ಅಣ್ಣ ಒಂದು ಸಿಳ್ಳೆ ಹಾಕಿದ. ನಾನು ಅವಳನ್ನು ತಬ್ಬಿಕೊಂಡು, ಕೂದಲಿನ ತಗ್ಗಿನಲ್ಲಿ ಮುಖವಿಟ್ಟುಕೊಂಡು ನಿಂತುಬಿಟ್ಟೆ. ಟೆಸ್ಟ್ ಡೆಸ್ಕಿನಲ್ಲಿ ದಿನವಿಡೀ ಹೆಡ್‌ಫೋನು ಹಾಕಬೇಕಾಗಿಲ್ಲ, ಈ ತಗ್ಗು ಇನ್ನು ಹೋಗಿಬಿಡುತ್ತದೆ ಎಂದು ಆಗಲೇ ಹೊಳೆದು ಸ್ವಲ್ಪ ಬೇಸರವೂ ಆಯಿತು.

ಮರುದಿನ, ಅಂದು ನಿಲ್ಲಿಸಿದ್ದ ಆಟವನ್ನೇ ಮತ್ತೆ ಹಾಸಿದೆವು. ಚಾವಡಿಯನ್ನು ಮತ್ತೆ ಎತ್ತಿ ನಿಲ್ಲಿಸೋಣ, ಹಳತಾಗುವ ಸಾಲನ್ನೇ ಹೊಡೆದುಹಾಕುತ್ತೇನೆ ಎಂದು ನಾನು ಹೇಳಿದೆ. "ಬೇಡ. ಹಳತಾಗಿದೆ, ಹಳತಾಗ್ಲಿ" ಎಂದಳು ಅತ್ತೆ. ಸಾಲ ತಂದ ನಲವತ್ತು ಬೀಜಗಳನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಖರ್ಚಾದ ಬೀಜ ಡಬ್ಬಿಗೆ ಹೋಗಬೇಕು ಎಂದು ನನ್ನ ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದೆ.

ಅಜ್ಜಿ ಬೀಜ ಎಣಿಸಲಿಲ್ಲ. ಮುಂದೆ ಬಾಗಿ, ಬೋರಲು ಬಿದ್ದಿದ್ದ ಓಲೆಯ ಚಾವಡಿಯನ್ನು ಎರಡು ಬೆರಳಲ್ಲಿ ಎತ್ತಿ, ತನ್ನ ಊರಿಗೆ ತಂದು, ದೊಡ್ಡ ಕೆರೆಯ ಪಕ್ಕದಲ್ಲಿ ಇಟ್ಟಳು. ಅತ್ತೆಯ ಹೆಸರು ಮೇಲೆ ಬರುವ ಹಾಗೆಯೇ ಇಟ್ಟಳು. ಮೂಲೆಯ ಅರಿಶಿನ ಇನ್ನೂ ಹೋಗಿರಲಿಲ್ಲ.

"ಅಜ್ಜಿ, ಹಳತಾದ ಅದ್ಭುತಕ್ಕೆ ಶಕ್ತಿ ಇಲ್ಲ. ಅದನ್ನ ತಗೊಂಡು ಏನ್ ಮಾಡ್ತೀಯ?" ಎಂದೆ.

"ಶಕ್ತಿ ಯಾರಿಗೆ ಬೇಕೇ. ನನ್ ಮಗಳ ಹೆಸರಿದೆ. ನನ್ ಊರಲ್ಲಿ ಇರ್ಲಿ" ಎಂದಳು ಅಜ್ಜಿ, ಮತ್ತು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಭೂಪಟದಿಂದಾಚೆ, ಗೋಡೆಯ ಪಕ್ಕಕ್ಕೆ ಇಟ್ಟಳು.

ಅತ್ತೆ ಬೇಡವೆನ್ನಲಿಲ್ಲ. ಬೀಜದ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿ, "ನಿನ್ ಸರದಿ" ಎಂದಳು.